ಆಟದ ಅಂಗಳ: ಹೆಸರು ಅದೇ, ಆಟ ಅದೇನಾ?

ಮಳೆ ಹಿಡಿಯಿತೆಂದರೆ ಮಲೆನಾಡಿನ ಕಡೆಯಿಂದ ಈ ಅಂಕಣಕ್ಕೆ ಪತ್ರಗಳೂ ಹಿಡಿದುಕೊಳ್ಳುತ್ತವೆ. ಈ ಸಲ ಬಂದ ಬಹುಪಾಲು ಪತ್ರಗಳಲ್ಲಿ ತಕರಾರು ಒಂದೇ: ಹೆಸರು ನಂಬಿ ತಂದ ಆಟ ಹಾಕಿ ನೋಡಿದರೆ ಬೇರೆ ಯಾರದೋ ಮನೆ ಹೊಕ್ಕ ಹಾಗಿದೆ. ಅದಕ್ಕೇ ಇಪ್ಪತ್ತು ಮೂವತ್ತು ವರ್ಷ ನಡೆದು ಬಂದ ವಿಡಿಯೋ ಗೇಮ್ ಸರಣಿಗಳ ಬಗೆಗಿನ ಪ್ರಶ್ನೆಗಳನ್ನಷ್ಟೇ ಈ ತಿಂಗಳು ಆರಿಸಿಕೊಂಡಿದ್ದೇವೆ.

ಪ್ರ: ರೆಸಿಡೆಂಟ್ ಈವಿಲ್ ಏಳನೇ ಭಾಗ ಆಡಿ ಮುಗಿಸಿದೆ. ಹಿಡಿಸಿತು. ಆಮೇಲೆ 2005ರ ನಾಲ್ಕನೇ ಭಾಗ ಹಾಕಿದರೆ ಬರೀ ಗುಂಡಿನ ಚಕಮಕಿ. ಮೊದಲನೆಯದರ ಎಚ್‌ಡಿ ಆವೃತ್ತಿಯಲ್ಲಂತೂ ಪಾತ್ರ ಎತ್ತಿನಗಾಡಿಯ ಹಾಗೆ ತಿರುಗುತ್ತದೆ. ನನ್ನ ಕಂಟ್ರೋಲರ್ ಕೆಟ್ಟಿದೆಯೋ, ಆಟವೇ ಹೀಗೋ? ಈ ಮೂರೂ ಒಂದೇ ಸರಣಿ ಹೇಗೆ ಸರ್?
— ಬಿ.ಎಸ್‌ಸಿ. ವಿದ್ಯಾರ್ಥಿ, ಸಾಗರ

ಉ: ಕಂಟ್ರೋಲರ್‌ಗೆ ಏನೂ ಆಗಿಲ್ಲ. 1996ರಲ್ಲಿ ಕ್ಯಾಪ್‌ಕಾಮ್ ಮೊದಲ ಆಟ ತಂದಾಗ ಪ್ಲೇಸ್ಟೇಷನ್‌ಗೆ ಇದ್ದ ಮುಖ್ಯ ಮೆಮೊರಿ 2 ಎಂಬಿ, ಚಿತ್ರಕ್ಕೆಂದು ಬೇರೆ 1 ಎಂಬಿ. ಅಷ್ಟರಲ್ಲಿ ಒಂದು ದೊಡ್ಡ ಬಂಗಲೆಯ ಕೋಣೆ ಕೋಣೆಯನ್ನೂ ಮೂರು ಆಯಾಮದಲ್ಲಿ ಕಟ್ಟಿ ತಿರುಗಿಸಿ ತೋರಿಸುವುದು ಆಗದ ಕೆಲಸ. ಹಾಗಾಗಿ ಕೋಣೆಗಳನ್ನು ಮೊದಲೇ ಚಿತ್ರ ಮಾಡಿಟ್ಟುಕೊಂಡು, ಅದರ ಮೇಲೆ ಪಾತ್ರಗಳನ್ನೂ ಕೆಲವು ವಸ್ತುಗಳನ್ನೂ ಮಾತ್ರ ಓಡಾಡಿಸಿದರು. ಚಿತ್ರ ಎಂದಮೇಲೆ ಕ್ಯಾಮೆರಾ ಅಲ್ಲಾಡುವಂತಿಲ್ಲ. ನೀವು ಕೋಣೆಯ ಇನ್ನೊಂದು ಮೂಲೆಗೆ ಹೋದರೆ ಚಿತ್ರವೇ ಬದಲಾಗಿ, ಬೇರೆ ಕೋನದಿಂದ ಕಾಣುತ್ತದೆ.

ತೊಡಕು ಶುರುವಾಗುವುದು ಅಲ್ಲೇ. ನೀವು ಬಲಕ್ಕೆ ಒತ್ತಿಕೊಂಡು ಓಡುತ್ತಿದ್ದೀರಿ, ಚಿತ್ರ ಬದಲಾಯಿತು, ಹೊಸ ಚಿತ್ರದಲ್ಲಿ ನೀವು ಹೋಗಬೇಕಾದ ದಿಕ್ಕು ಎಡಕ್ಕಿದೆ. ಬಲ ಒತ್ತಿಯೇ ಇದ್ದರೆ ಪಾತ್ರ ಬಂದ ದಾರಿಗೇ ವಾಪಸು ಓಡುತ್ತದೆ. ಅದನ್ನು ತಪ್ಪಿಸಲು ದಿಕ್ಕನ್ನು ಪರದೆಗೆ ಕಟ್ಟದೆ ಪಾತ್ರದ ಮೈಗೇ ಕಟ್ಟಿದರು. ಮೇಲಿನ ಗುಂಡಿ ಒತ್ತಿದರೆ ಪಾತ್ರದ ಮೂಗಿನ ನೇರಕ್ಕೆ ನಡಿಗೆ. ಎಡ ಬಲ ಒತ್ತಿದರೆ ನಿಂತಲ್ಲೇ ತಿರುಗುವುದು. ಇದಕ್ಕೆ ಟ್ಯಾಂಕ್ ಕಂಟ್ರೋಲ್ ಎಂದು ಹೆಸರು. ನಿಮ್ಮ ಎತ್ತಿನಗಾಡಿಯೂ ಚೆನ್ನಾಗಿಯೇ ಹೊಂದುತ್ತದೆ. ಎಚ್‌ಡಿ ಆವೃತ್ತಿಯ ಆಯ್ಕೆಗಳಲ್ಲಿ ಹೊಸ ಬಗೆಯ ಕಂಟ್ರೋಲ್ ಕೂಡ ಇದೆ. ಅದನ್ನು ಹಾಕಿಕೊಂಡರೆ ಒಂದು ವಿಷಯ ನೆನಪಿಡಿ: ಚಿತ್ರ ಬದಲಾದ ಕ್ಷಣದಲ್ಲಿ ಸ್ಟಿಕ್ ಬಿಡಬೇಡಿ. ಹಿಡಿದೇ ಇದ್ದರೆ ಪಾತ್ರ ಅದೇ ದಾರಿಯಲ್ಲಿ ಮುಂದುವರಿಯುತ್ತದೆ. ಬಿಟ್ಟು ಮತ್ತೆ ಒತ್ತಿದರೆ ದಿಕ್ಕು ಹೊಸದಾಗಿ ಲೆಕ್ಕವಾಗಿ ತಿರುಗಿ ಓಡುತ್ತದೆ. ಹೊಸಬರು ಈ ಆಟದ ನಡೆದಾಡುವ ಹೆಣಗಳ (ಜಾಂಬಿ) ಬಾಯಿಗೆ ಬೀಳುವುದು ಹೆಚ್ಚಾಗಿ ಹೀಗೆಯೇ.

ಇನ್ನು ಸರಣಿಯ ಮಾತು. ನಾಲ್ಕನೆಯದರಲ್ಲಿ ಎತ್ತಿನಗಾಡಿ ಹೋಯಿತೆಂದು ನಿಮಗೆ ಅನಿಸಿರಬಹುದು, ಹೋಗಿಲ್ಲ. ಗುರಿ ಹಿಡಿದಾಗ ಅಲ್ಲೂ ಹೆಜ್ಜೆ ಎತ್ತಿಡಲು ಬರುವುದಿಲ್ಲ, ಗಮನಿಸಿ. ಗಾಡಿ ಹಳೆಯದೇ, ಮೂಲೆಯಲ್ಲಿದ್ದ ಕ್ಯಾಮೆರಾ ಗಾಡಿ ಹೊಡೆಯುವವನ ಹೆಗಲ ಹಿಂದೆ ಬಂದು ಕೂತಿದೆ, ಅಷ್ಟೆ. ಆದರೆ ಆ ಒಂದು ಬದಲಾವಣೆಯಿಂದ ಉಳಿದದ್ದೆಲ್ಲ ಸರಿಯಿತು. ಮೂಲೆಯಲ್ಲಿ ಏನಿದೆ ಎಂದು ಕಾಣದ ಭಯ ಹೋಗಿ, ಎದುರಿಗೆ ಬರುತ್ತಿರುವ ಗುಂಪು ಕಾಣುವ ಭಯ ಬಂತು. ಗುಂಪು ಬಂದಮೇಲೆ ಗುಂಡು ಬೇಕು, ಹಾಗಾಗಿ ಸತ್ತವರು ಗುಂಡು, ಹಣ ಬೀಳಿಸುತ್ತಾರೆ. ಮೊದಲ ಆಟದಲ್ಲಿ ಸಾಮಾನು ಇಟ್ಟುಕೊಳ್ಳಲು ನಾಯಕ ಕ್ರಿಸ್‌ಗೆ ಇದ್ದದ್ದು 6 ಖಾನೆ, ನಾಯಕಿ ಜಿಲ್‌ಗೆ 8. ಆಟ ಉಳಿಸಿಕೊಳ್ಳಲೂ ಟೈಪ್‌ರೈಟರ್‌ಗೆ ಒಂದು ರಿಬ್ಬನ್ ಖರ್ಚು. ನಾಲ್ಕನೆಯದರಲ್ಲಿ ಟೈಪ್‌ರೈಟರ್ ಇದೆ, ರಿಬ್ಬನ್ ಇಲ್ಲ. ಲೋಭಿಯಂತೆ ಆಡಬೇಕಾದ ಆಟ ವ್ಯಾಪಾರಿಯಂತೆ ಆಡುವ ಆಟವಾಯಿತು.

2009ರ ಐದನೆಯದು ಅದೇ ಜಾಡು, ಜೊತೆಗೊಬ್ಬ ಸಂಗಾತಿ. 2012ರ ಆರನೆಯದರಲ್ಲಿ ನಡೆಯುತ್ತಲೇ ಗುಂಡು ಹೊಡೆಯಬಹುದು, ಉರುಳಬಹುದು, ಒದೆಯಬಹುದು. ಹೊರನೋಟಕ್ಕೆ ಐದಕ್ಕೆ ಹತ್ತಿರ, ಒಳಗೆ ಸರಣಿಗೇ ದೂರ. 2017ರ ಏಳು ಇದಕ್ಕೆ ಸರೀ ಉಲ್ಟಾ: ಕ್ಯಾಮೆರಾ ಪಾತ್ರದ ಕಣ್ಣೊಳಗೇ ಹೊಕ್ಕಿದೆ, ಹಿಂದಿನ ಯಾವ ಮುಖ್ಯ ಭಾಗದ ಹಾಗೂ ಕಾಣುವುದಿಲ್ಲ. ಆದರೆ ಮತ್ತೆ ಒಂದು ಮನೆ, ಬೀಗ, ವಿಚಿತ್ರ ಕೀಲಿ, ಎಣಿಸಿ ಹೊಡೆಯುವ ಗುಂಡು. 'ಮ್ಯಾಡ್‌ಹೌಸ್' ಎಂಬ ಕಠಿಣ ಮಟ್ಟದಲ್ಲಿ ಆಡಿ ನೋಡಿ, ಆಟ ಉಳಿಸಲು ಕ್ಯಾಸೆಟ್ ಖರ್ಚು ಮಾಡಬೇಕು. ಹಳೆಯ ರಿಬ್ಬನ್ನೇ ವೇಷ ಬದಲಿಸಿ ಬಂದಿದೆ. ನಿಮಗೆ ಹಿಡಿಸಿದ್ದು ಆ ಕೊರತೆ ಎಂದು ತೋರುತ್ತದೆ, ಹಾಗಾಗಿ ಮುಂದೆ 2019ರ ಎರಡನೇ ಭಾಗದ ಹೊಸ ರೂಪ ಆಡಿ. ಕ್ಯಾಮೆರಾ ನಾಲ್ಕನೆಯದರದ್ದು, ಜಿಪುಣತನ ಮೊದಲನೆಯದರದ್ದು. ಎಲ್ಲ ಹೆಣಗಳನ್ನೂ ಕೊಲ್ಲಲು ಹೋಗಬೇಡಿ. ಒಂದೆರಡು ಸಲ ಮಾತ್ರ ದಾಟುವ ಓಣಿಯಾದರೆ ಕಾಲಿಗೆ ಹೊಡೆದು ಕೆಡವಿ ಪಕ್ಕದಲ್ಲಿ ಹಾದುಹೋಗಿ. ಮತ್ತೆ ಮತ್ತೆ ಓಡಾಡುವ ಓಣಿಯ ಕಿಟಕಿಗೆ ಸಿಕ್ಕ ಹಲಗೆ ಬಡಿಯಿರಿ. ಸೊಂಟದ ಚೀಲ ಸಿಕ್ಕಿದ ಕಡೆ ಬಿಡಬೇಡಿ, ಒಂದೊಂದಕ್ಕೂ 2 ಖಾನೆ ಹೆಚ್ಚುತ್ತದೆ.

ಒಂದು ಸೋಜಿಗ: ನಾಲ್ಕನೆಯದಕ್ಕೆಂದು ನಡೆಸಿದ ಪ್ರಯತ್ನಗಳಲ್ಲೊಂದು ಸರಣಿಗೆ ಹೊಂದದಷ್ಟು ಬೇರೆಯಾದಾಗ ಅದನ್ನು ಎಸೆಯಲಿಲ್ಲ, ಬೇರೆ ಹೆಸರಿಟ್ಟರು. 2001ರ ಡೆವಿಲ್ ಮೇ ಕ್ರೈ ಹುಟ್ಟಿದ್ದು ಹಾಗೆ. ಆರನೆಯದಕ್ಕೂ ಆ ಧೈರ್ಯ ಮಾಡಬಹುದಿತ್ತು.

ಪ್ರ: ಮೂವತ್ತು ವರ್ಷದ ಹಿಂದೆ ಕಚೇರಿಯ ಕಂಪ್ಯೂಟರಿನಲ್ಲಿ ಊಟದ ಹೊತ್ತಿಗೆ 'ಪ್ರಿನ್ಸ್' (ಪ್ರಿನ್ಸ್ ಆಫ್ ಪರ್ಷಿಯಾ) ಆಡುತ್ತಿದ್ದೆವು. ಮೊಮ್ಮಗ ತೋರಿಸಿದ ಪ್ರಿನ್ಸ್ ಗೋಡೆಯ ಮೇಲೆಲ್ಲ ಓಡುತ್ತಾನೆ, ಕಾಲವನ್ನೇ ಹಿಂದಕ್ಕೆ ತಿರುಗಿಸುತ್ತಾನೆ. ಇವನೂ ಅವನೇ ಏನು? ನನ್ನ ಹಳೆಯ ಫ್ಲಾಪಿಯ ಪ್ರತಿ ಪೆನ್ ಡ್ರೈವ್‌ನಲ್ಲಿದೆ, ಈಗಿನ ಕಂಪ್ಯೂಟರಿನಲ್ಲಿ ಓಡೀತೆ?
— ನಿವೃತ್ತ ಗುಮಾಸ್ತರು, ಭದ್ರಾವತಿ

ಉ: ಓಡುತ್ತದೆ ಸಾರ್. ಡಾಸ್‌ಬಾಕ್ಸ್ ಎಂಬ ಉಚಿತ ತಂತ್ರಾಂಶ ಹಾಕಿಸಿಕೊಳ್ಳಿ. ಪೆನ್ ಡ್ರೈವ್‌ನಿಂದ ಆಟದ ಇಡೀ ಫೋಲ್ಡರನ್ನು ಕಂಪ್ಯೂಟರಿಗೆ ನಕಲು ಮಾಡಿ, ಅದರೊಳಗಿನ 'ಪ್ರಿನ್ಸ್' ಎಂಬ ಚಾಲನೆಯ ಫೈಲನ್ನು ಮೌಸ್‌ನಿಂದ ಎಳೆದು ಡಾಸ್‌ಬಾಕ್ಸ್ ಐಕಾನಿನ ಮೇಲೆ ಬಿಡಿ. ಆದೇಶ ಟೈಪ್ ಮಾಡುವ ಕೆಲಸವೇ ಇಲ್ಲ. ಫೈಲೊಂದನ್ನೇ ನಕಲು ಮಾಡಿದರೆ ಆಗುವುದಿಲ್ಲ. ಚಿತ್ರ, ಸದ್ದಿನ ಫೈಲುಗಳು ಜೊತೆಯಲ್ಲೇ ಇರಬೇಕು. ಪರದೆ ತುಂಬಿಸಲು ಆಲ್ಟ್ ಮತ್ತು ಎಂಟರ್ ಒಟ್ಟಿಗೆ ಒತ್ತಿ.

ಸ್ಪೇಸ್ ಒತ್ತಿದರೆ ಉಳಿದ ನಿಮಿಷ ಕಾಣುತ್ತದೆ. ಮೂರನೇ ಹಂತದಿಂದ ಕಂಟ್ರೋಲ್ ಮತ್ತು ಜಿ ಒತ್ತಿ ಆಟ ಉಳಿಸಬಹುದು. ಶಿಫ್ಟ್ ಮತ್ತು ಎಲ್ ಒತ್ತಿ ಹಂತ ಹಾರುವ ಉಪಾಯ ನಿಮ್ಮ ಕಚೇರಿಯಲ್ಲೂ ಇದ್ದೀತು. ಅದಕ್ಕೆ ದಂಡವಿದೆ ಎಂದು ಕೆಲವರಿಗೆ ತಿಳಿಯದು. ಮಾಮೂಲಿ ಆಟದಲ್ಲಿ ಅದು ನಾಲ್ಕನೇ ಹಂತದವರೆಗೆ ಮಾತ್ರ ಒಯ್ಯುತ್ತದೆ, ಮತ್ತು ಹಾರಿದ ಕೂಡಲೇ ನಿಮ್ಮ ಗಡಿಯಾರ 15 ನಿಮಿಷಕ್ಕೆ ಇಳಿಯುತ್ತದೆ.

ಇನ್ನು ಅವನೇ ಇವನೇ ಎಂಬ ಪ್ರಶ್ನೆ. ಜೋರ್ಡನ್ ಮೆಕ್ನರ್ 1989ರಲ್ಲಿ ಆಪಲ್ 2 ಕಂಪ್ಯೂಟರಿಗೆ ಮೊದಲ ಆಟ ಮಾಡಿದಾಗ ತಮ್ಮ ತಮ್ಮನನ್ನು ಓಡಿಸಿ, ನೆಗೆಸಿ, ವಿಡಿಯೋ ತೆಗೆದು, ಅದರ ಮೇಲೆ ಚೌಕಟ್ಟು ಚೌಕಟ್ಟಾಗಿ ಗೆರೆ ಎಳೆದರು. ಅದಕ್ಕೇ ಆ ಪಾತ್ರಕ್ಕೆ ಮನುಷ್ಯನ ಮೈಭಾರವಿತ್ತು: ಓಡಿದವನು ಜಾರಿ ನಿಲ್ಲುತ್ತಿದ್ದ, ಎತ್ತರದಿಂದ ಬಿದ್ದರೆ ಸಾಯುತ್ತಿದ್ದ. ಅಂಥ ಭಾರದ ಮೇಲೆ 60 ನಿಮಿಷದ ಗಡುವು. 2003ರಲ್ಲಿ ಯೂಬಿಸಾಫ್ಟ್ ಕಂಪನಿ ಆಟವನ್ನು ಮೂರು ಆಯಾಮದಲ್ಲಿ ಹೊಸದಾಗಿ ಕಟ್ಟಿದಾಗ ಇವೆರಡನ್ನೇ ಹಿಡಿದುಕೊಂಡಿತು. ನೆಗೆತ ಗೋಡೆಯ ಓಟವಾಯಿತು. ನಿಮ್ಮನ್ನು ಕಾಡುತ್ತಿದ್ದ ಕಾಲ ನಿಮ್ಮ ಕೈಯಲ್ಲಿನ ಮರಳಾಯಿತು, ಅದೂ ಎಣಿಸಿಟ್ಟಷ್ಟೇ. ಹಾಗಾಗಿ ಮೊಮ್ಮಗನ ಪ್ರಿನ್ಸ್ ಅದೇ ವಂಶದವನು ಎನ್ನಲು ಅಡ್ಡಿಯಿಲ್ಲ. ಅನುಮಾನ ಬರುವುದು 2004ರ ವಾರಿಯರ್ ವಿದಿನ್ ಬಗ್ಗೆ: ಕತ್ತಲೆ, ರಕ್ತ, ಹೆವಿ ಮೆಟಲ್ ಸಂಗೀತ, ಮುಖ ಗಂಟಿಕ್ಕಿದ ರಾಜಕುಮಾರ. ಆಟವಾಗಿ ಗಟ್ಟಿ, ಆದರೆ ಬೇರೆಯವರ ಅಂಗಿ ತೊಟ್ಟ ಹಾಗಿದೆ. 2024ರ ದಿ ಲಾಸ್ಟ್ ಕ್ರೌನ್ ಮತ್ತೆ ಪಕ್ಕನೋಟಕ್ಕೆ ಬಂದಿದೆ. ಮೊಮ್ಮಗನ ಜೊತೆ ಕೂತು ಆಡುವುದಿದ್ದರೆ ಅದನ್ನೇ ತರಿಸಿ. ಎಡದಿಂದ ಬಲಕ್ಕೆ ಓಡುವುದು ನಿಮ್ಮ ಬೆರಳಿಗೆ ಮರೆತಿರುವುದಿಲ್ಲ.

ಪ್ರ: ಅಸ್ಯಾಸಿನ್ಸ್ ಕ್ರೀಡ್‌ನಲ್ಲಿ ಮೊದಲು ಹಿಂದಿನಿಂದ ಹೋಗಿ ಒಂದು ಚುಚ್ಚಿದರೆ ಮುಗಿಯುತ್ತಿತ್ತು. ಈಗ ಚುಚ್ಚಿದವನು ತಿರುಗಿ ನನ್ನನ್ನೇ ಹೊಡೆಯುತ್ತಾನಲ್ಲ?
— ಶಿಕಾರಿಪುರದ ಓದುಗರು

ಉ: 2017ರ ಒರಿಜಿನ್ಸ್‌ನಿಂದ ಸರಣಿ ಪಾತ್ರಬೆಳವಣಿಗೆಯ ಆಟವಾಗಿದೆ. ಎದುರಾಳಿಗಳಿಗೆ ಮಟ್ಟದ ಅಂಕಿ ಇರುತ್ತದೆ. ಅವರ ತಲೆಯ ಮೇಲಿನ ಅಂಕಿ ನಿಮ್ಮದಕ್ಕಿಂತ ಬಹಳ ಹೆಚ್ಚಿದ್ದರೆ ಗುಪ್ತ ಕತ್ತಿಯ ಒಂದು ಏಟಿಗೆ ಸಾಯುವುದಿಲ್ಲ. ವಾಲ್‌ಹಲ್ಲಾದಲ್ಲಿ ಆಟದ ಆಯ್ಕೆಗಳೊಳಗೆ ಒಂದೇ ಏಟಿನ ಖಚಿತ ಕೊಲೆ ಎಂಬ ಅರ್ಥದ ಸ್ವಿಚ್ ಇದೆ, ಹಾಕಿಕೊಳ್ಳಿ. ಹಳೆಯ ಬಗೆಯೇ ಬೇಕೆಂದರೆ 2023ರ ಮಿರಾಜ್. ಅದು ಚಿಕ್ಕದು, ಊರು ಒಂದೇ, ಚುಚ್ಚಿದರೆ ಮುಗಿಯಿತು.

ಪ್ರ: ಹೊಸ ಲ್ಯಾಪ್‌ಟಾಪ್‌ಗೆ ಹಳೆಯ ಜಿಟಿಎ ಸ್ಯಾನ್ ಆಂಡ್ರಿಯಾಸ್ ಹಾಕಿದೆ. ಮೌಸ್ ತಿರುಗುವುದಿಲ್ಲ, ನೀರಿಗಿಳಿದರೆ ನಾಯಕ ಸಿಜೆ ಮುಂದಕ್ಕೇ ಹೋಗುವುದಿಲ್ಲ. 2021ರ ಹೊಸ ಆವೃತ್ತಿ ತಗೊಳ್ಳಿ ಅಂತಾರೆ ಗೆಳೆಯರು. ಅದರ ವಿಡಿಯೋ ನೋಡಿದೆ, ಊರು ಯಾಕೋ ಆಟಿಕೆ ಥರ ಕಾಣಿಸ್ತು. ಯಾವುದು ಸರಿ?
— ತೀರ್ಥಹಳ್ಳಿಯ ಐಟಿಐ ವಿದ್ಯಾರ್ಥಿ

ಉ: ಮೊದಲು ರಿಪೇರಿ. ಆಟ ಮುಚ್ಚಿ. ಡಾಕ್ಯುಮೆಂಟ್ಸ್ ಒಳಗೆ ಈ ಆಟದ ಹೆಸರಿನ ಯೂಸರ್ ಫೈಲ್ಸ್ ಫೋಲ್ಡರ್ ಇರುತ್ತದೆ. ಅದರಲ್ಲಿ 'ಸೆಟ್' ಎಂದು ಕೊನೆಯಾಗುವ ಒಂದು ಚಿಕ್ಕ ಫೈಲ್. ಅದನ್ನು ಮಾತ್ರ ಅಳಿಸಿ. ಅದರಲ್ಲಿರುವುದು ಸೆಟ್ಟಿಂಗ್‌ಗಳಷ್ಟೇ, ಆಟ ಮತ್ತೆ ತೆರೆದಾಗ ಹೊಸದಾಗಿ ಹುಟ್ಟುತ್ತದೆ. ಪಕ್ಕದಲ್ಲಿರುವ ಸೇವ್ ಫೈಲುಗಳನ್ನು ಮುಟ್ಟಬೇಡಿ. ಎಷ್ಟೋ ಜನ ಇಡೀ ಫೋಲ್ಡರ್ ಅಳಿಸಿ ಆಮೇಲೆ ತಲೆ ಚಚ್ಚಿಕೊಳ್ಳುತ್ತಾರೆ. ಎರಡನೆಯದು, ಡಿಸ್‌ಪ್ಲೇ ಆಯ್ಕೆಗಳಲ್ಲಿ ಫ್ರೇಮ್ ಲಿಮಿಟರ್ ಆನ್ ಮಾಡಿ. ಈ ಆಟದ ಚಲನೆಯ ಲೆಕ್ಕ ಕೆಲವೆಡೆ ಸೆಕೆಂಡಿಗೆ ಬದಲು ಫ್ರೇಮಿಗೆ, ಅಂದರೆ ಪರದೆಯಲ್ಲಿ ಮೂಡುವ ಒಂದೊಂದು ಚಿತ್ರಕ್ಕೆ, ಕಟ್ಟಿದ್ದು. 2005ರ ಕಂಪ್ಯೂಟರಿಗೆ ಅಳೆದು ಹೊಲಿದ ಲೆಕ್ಕ ಇಂದು ಸೆಕೆಂಡಿಗೆ ನೂರಾರು ಫ್ರೇಮ್ ಎಳೆಯುವ ಯಂತ್ರದಲ್ಲಿ ಎಡವುತ್ತದೆ. ಈಜು ನಿಧಾನವಾದದ್ದು ಅದರಿಂದಲೇ. ಇಷ್ಟಾದರೂ ಮೌಸ್ ಮೊಂಡು ಹಿಡಿದರೆ ಸೈಲೆಂಟ್‌ಪ್ಯಾಚ್ ಎಂಬ ಅಭಿಮಾನಿಗಳ ಉಚಿತ ತಿದ್ದುಪಡಿ ಹಾಕಿ. ಆಟದ ರೂಪ ಬದಲಿಸದೆ ದೋಷವನ್ನಷ್ಟೇ ಸರಿಮಾಡುವ ಶಿಸ್ತು ಅದಕ್ಕಿದೆ.

ಈಗ ಆ ಆಟಿಕೆಯ ಊರು. ನೀವು ತೀರ್ಥಹಳ್ಳಿಯವರು, ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಂಜು ಮುಸುಕಿದಾಗ ಕುಂದಾದ್ರಿ ಎಲ್ಲೋ ದೂರದಲ್ಲಿದ್ದಂತೆ ಕಾಣುತ್ತದೆ; ಮಂಜು ಸರಿದರೆ 'ಅರೆ, ಇಲ್ಲೇ ಇತ್ತಲ್ಲ' ಎನಿಸುತ್ತದೆ. 2004ರ ಆಟ ಹುಟ್ಟಿದ್ದು 32 ಎಂಬಿ ಮೆಮೊರಿಯ ಪ್ಲೇಸ್ಟೇಷನ್ 2ರ ಮೇಲೆ. ಅಷ್ಟರಲ್ಲಿ ದೂರದ ಊರು, ಗುಡ್ಡ ಎಲ್ಲವನ್ನೂ ಒಟ್ಟಿಗೆ ಬಿಡಿಸಲಾಗದೆ ಕೆಂಪು ಕಿತ್ತಳೆ ಮಬ್ಬು ಮುಸುಕಿದರು. ಆ ಭೂಪಟ ನಿಜಕ್ಕೂ ಸುಮಾರು 6 ಕಿ.ಮೀ. ಉದ್ದ, 6 ಕಿ.ಮೀ. ಅಗಲ. ಶಿವಮೊಗ್ಗದಿಂದ ಸಕ್ರೆಬೈಲಿನ ಆನೆ ಬಿಡಾರದ ಅರ್ಧ ದಾರಿಯೂ ಆಗುವುದಿಲ್ಲ. ಮೂರು ನಗರ, ಕಾಡು, ಮರುಭೂಮಿ ಅಷ್ಟರಲ್ಲಿ ಹಿಡಿದದ್ದು ಮಬ್ಬಿನ ದಯೆಯಿಂದ. 2021ರ ಹೊಸ ಆವೃತ್ತಿ ಬೇರೆ ಎಂಜಿನ್‌ನಲ್ಲಿ ಬಂದಾಗ ಮಬ್ಬು ಹೋಯಿತು. ಒಂದು ನಗರದಲ್ಲಿ ನಿಂತರೆ ಇನ್ನೊಂದರ ಗೋಪುರ ಕಂಡಿತು. ಭೂಪಟ ಒಂದಿಂಚೂ ಕಡಿಮೆಯಾಗಿಲ್ಲ, ಆದರೆ ಊರಿಂದೂರಿಗೆ ಹೋಗುವ ಪ್ರಯಾಣ ಸತ್ತಿತು. ಬಿಡುಗಡೆಯ ಹೊತ್ತಿಗೆ ಮಳೆಯೂ ಬಿಳಿ ಗೀರುಗಳ ಹಾಗೆ ಕಣ್ಣಿಗೆ ಹೊಡೆಯುತ್ತಿತ್ತು. ಆಟದ ಕಂಪನಿ ರಾಕ್‌ಸ್ಟಾರ್ ಕ್ಷಮೆ ಕೇಳಿತು. 2024ರ ನವೆಂಬರ್‌ನ ಅಪ್‌ಡೇಟ್‌ನಲ್ಲಿ ಹಳೆಯ ಬೆಳಕನ್ನು ಮರಳಿಸುವ ಆಯ್ಕೆ ಬಂತು. ಈಗ ಕೊಳ್ಳುವುದಾದರೆ ಮೊದಲು ಆ ಆಯ್ಕೆ ಆನ್ ಮಾಡಿಯೇ ಆಡಿ.

ನಮ್ಮ ಮತ ಕೇಳಿದರೆ, ನಿಮ್ಮ ಬಳಿ ಹಳೆಯದು ಇದ್ದಮೇಲೆ ಅದನ್ನೇ ಸರಿಮಾಡಿಕೊಂಡು ಆಡಿ. ಒಂದು ಎಚ್ಚರಿಕೆ: ಹಳೆಯದರಲ್ಲೂ ಎಲ್ಲ ಪ್ರತಿ ಒಂದೇ ಅಲ್ಲ. 2014ರಲ್ಲಿ ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿಯ ಪ್ರತಿಯ ರೇಡಿಯೋದಿಂದ ಪರವಾನಗಿ ಮುಗಿದ ಹಾಡುಗಳನ್ನು ತೆಗೆದುಹಾಕಿದರು. ಜಿಟಿಎಯಲ್ಲಿ ರೇಡಿಯೋ ಎಂದರೆ ಅಲಂಕಾರವಲ್ಲ, ಕಾಲವನ್ನು ತಿಳಿಸುವುದೇ ಅದು. ಹಾಡು ಹೋದರೆ ಕಥೆ ನಡೆಯುವ 1992 ಅರ್ಧ ಹೋದ ಹಾಗೆ. ಹೊಸ ಭಾಗಗಳ ಬಗ್ಗೆಯೂ ಒಂದು ಮಾತು: 2008ರ ನಾಲ್ಕನೆಯದರಲ್ಲಿ ಕಾರು ಒದ್ದೆ ಮಣ್ಣಿನಲ್ಲಿ ಹೊರಳುವ ಲಾರಿಯ ಹಾಗೆ ಅನಿಸುತ್ತದೆ ಎಂದು ಹಲವರು ಬರೆಯುತ್ತಾರೆ. ಅದು ದೋಷವಲ್ಲ. ಎಂಜಿನ್ ಬದಲಾಯಿತು, ಭಾರದ ಲೆಕ್ಕ ಬಂತು. ತಿರುವಿನಲ್ಲಿ ಬ್ರೇಕ್ ಹಿಡಿಯುವ ಬದಲು ತಿರುವಿಗೆ ಮೊದಲೇ ಹಿಡಿಯಿರಿ. ಆಗುಂಬೆ ಘಾಟಿಯಲ್ಲಿ ಗಾಡಿ ಇಳಿಸಿದವರಿಗೆ ಅದು ಬೇಗ ಒಗ್ಗುತ್ತದೆ. 2013ರ ಐದನೆಯದರಲ್ಲಿ ಆ ಭಾರವನ್ನು ಮತ್ತೆ ಸಡಿಲಿಸಿದರು.

ಪ್ರ: ನಮ್ಮ ಹುಡುಗರು ಇನ್ನೂ ಇಎ ಕ್ರಿಕೆಟ್ 07 ಬಿಟ್ಟಿಲ್ಲ. ಅದರ ಮುಂದಿನ ಭಾಗ ಯಾವುದು?
— ಹೊಸನಗರ

ಉ: ಮುಂದಿನ ಭಾಗವೇ ಇಲ್ಲ, ಇಎ ಕ್ರಿಕೆಟ್ ಆಟವನ್ನು ಅಲ್ಲಿಗೇ ನಿಲ್ಲಿಸಿತು. ಇಂಗ್ಲೆಂಡ್, ಆಸ್ಟ್ರೇಲಿಯಾಕ್ಕೆ ಪರವಾನಗಿ ಇತ್ತು, ನಮ್ಮವರ ಹೆಸರುಗಳನ್ನು ತಿರುಚಿ ಹಾಕಿದ್ದರು. ಆಮೇಲಿನ ತಂಡ, ಹೆಸರು, ಜರ್ಸಿ, ಮೈದಾನ ಎಲ್ಲ ಅಭಿಮಾನಿಗಳೇ ತುಂಬಿದ್ದು. ಹೆಸರಿಲ್ಲದೆ ವಂಶ ಮುಂದುವರಿದದ್ದು ಆಸ್ಟ್ರೇಲಿಯಾದ ಬಿಗ್ ಆ್ಯಂಟ್ ಸ್ಟುಡಿಯೋದಲ್ಲಿ: 2014ರ ಡಾನ್ ಬ್ರಾಡ್‌ಮನ್ ಕ್ರಿಕೆಟ್, ಆಮೇಲೆ ಕ್ರಿಕೆಟ್ 19, 22, 24. ಆದರೆ ಕೈ ಬೇರೆ ಕಲಿಯಬೇಕು. 07ರಲ್ಲಿ ಕೀಬೋರ್ಡ್ ಸಾಕು, ಚೆಂಡು ಬೀಳುವ ಜಾಗದ ಗುರುತು ನೋಡಿ ಹೊಡೆದರಾಯಿತು. ಹೊಸವುಗಳಲ್ಲಿ ಎಡ ಸ್ಟಿಕ್ ಕಾಲಿಗೆ, ಬಲ ಸ್ಟಿಕ್ ಬ್ಯಾಟಿಗೆ. ಎರಡು ಸ್ಟಿಕ್‌ನ ಕಂಟ್ರೋಲರ್ ಇಲ್ಲದೆ ತರಿಸಿದರೆ ಎರಡನೇ ಓವರಿಗೆ ಸಿಟ್ಟು ಬರುತ್ತದೆ. ಮೊದಲ ವಾರ ನೆಟ್ಸ್‌ನಲ್ಲಿ ಮುಂಗಾಲಿನ ಡಿಫೆನ್ಸ್ ಒಂದನ್ನೇ ಆಡಿ.

ಪ್ರ: ನನ್ನ ಮಗನಿಗೆ ಹದಿಮೂರು. ಫೈನಲ್ ಫ್ಯಾಂಟಸಿ ಹದಿನಾರು ಬೇಕೆಂದು ಹಟ ಹಿಡಿದಿದ್ದಾನೆ. ಹಿಂದಿನ ಹದಿನೈದು ಆಡದೆ ಕಥೆ ತಿಳಿಯುತ್ತದೆಯೆ? ಅಂಗಡಿಯವರು ಒಂದರಿಂದಲೇ ಶುರು ಮಾಡಿ ಎನ್ನುತ್ತಾರೆ. ನನಗೆ ಈ ಲೋಕವೇ ಗೊತ್ತಿಲ್ಲ.
— ಗೃಹಿಣಿ, ಕೊಪ್ಪ

ಉ: ಕೊಪ್ಪದವರಿಗೆ ಇದನ್ನು ಯಕ್ಷಗಾನದಿಂದ ಹೇಳುವುದು ಸುಲಭ. ಮೇಳ ಒಂದೇ, ಪ್ರಸಂಗ ರಾತ್ರಿಗೊಂದು. ನಿನ್ನೆಯ ಪ್ರಸಂಗ ನೋಡದಿದ್ದರೆ ಇಂದಿನದು ತಿಳಿಯದೆಂಬುದಿಲ್ಲ. ಈ ಸರಣಿಯಲ್ಲೂ ಅಂಕಿ ಬದಲಾದಂತೆ ಲೋಕ, ಜನ, ಕಥೆ ಎಲ್ಲ ಹೊಸದು. ಉಳಿದುಬರುವುದು ಮೇಳದ ಗುರುತುಗಳು: ಹರಳುಗಳು, ಸವಾರಿಗೆ ಚೊಕೋಬೊ ಎಂಬ ದೊಡ್ಡ ಹಕ್ಕಿ, ಎಲ್ಲಾದರೊಬ್ಬ ಸಿಡ್ ಎಂಬ ಹೆಸರಿನವನು.

ಆದರೆ ಹದಿನಾರನ್ನು ಈಗ ಕೊಡಿಸಬೇಡಿ. ಅದು ವಯಸ್ಕರಿಗೆಂದು ಗುರುತು ಮಾಡಿದ ಆಟ. ಕೊಲೆ, ರಕ್ತ, ಬೈಗುಳ, ಹಾಸಿಗೆಯ ದೃಶ್ಯ ಎಲ್ಲ ಇವೆ. ಹಿಂದಿನ ಭಾಗಗಳು ಹಾಗಿರಲಿಲ್ಲ, ಆದ್ದರಿಂದ ಹೆಸರು ನೋಡಿ ಮಕ್ಕಳಿಗೆ ಕೊಡಿಸಿದ ಹಿರಿಯರು ಪೇಚಿಗೆ ಸಿಕ್ಕುತ್ತಾರೆ. ಸರಣಿ ಬದಲಾದಾಗ ಡಬ್ಬಿಯ ಮೂಲೆಯಲ್ಲಿನ ವಯಸ್ಸಿನ ಅಂಕಿಯೂ ಬದಲಾಗಿರುತ್ತದೆ, ಅದನ್ನು ಮೊದಲು ನೋಡಿ. ಬದಲಿಗೆ ಮೊದಲ ಆರು ಭಾಗಗಳ ಪಿಕ್ಸೆಲ್ ರೀಮಾಸ್ಟರ್ ಎಂಬ ತಿದ್ದಿದ ಆವೃತ್ತಿ ಫೋನಿನಲ್ಲೂ ಸಿಗುತ್ತದೆ, ಆರನೆಯದು ಕೊಡಿಸಿ. ಅಥವಾ 2001ರ ಹತ್ತನೆಯದರ ಎಚ್‌ಡಿ ಆವೃತ್ತಿ.

ಮಗ 'ಅದು ಹಳೇ ಥರ' ಎಂದು ಮುಖ ಊದಿಸಿದರೆ ಅವನ ಮಾತಿನಲ್ಲೂ ಹುರುಳಿದೆ. 1987ರ ಮೊದಲ ಆಟದಲ್ಲಿ ಹೊಡೆದಾಟ ಸರದಿಯಂತೆ: ನೀವು ಆದೇಶ ಕೊಡುತ್ತೀರಿ, ಎದುರಾಳಿ ಕಾಯುತ್ತಾನೆ. 1991ರ ನಾಲ್ಕನೆಯದರಲ್ಲಿ ಸರದಿಗೆ ಗಡಿಯಾರ ಕಟ್ಟಿದರು. ನೀವು ಯೋಚಿಸುತ್ತ ಕೂತರೆ ಎದುರಿನವನು ಹೊಡೆದೇ ಬಿಡುತ್ತಾನೆ. ಹತ್ತನೆಯದರಲ್ಲಿ ಗಡಿಯಾರ ತೆಗೆದು, ಮುಂದಿನ ಸರದಿಗಳ ಪಟ್ಟಿಯನ್ನು ಪರದೆಯ ಮೇಲೇ ತೋರಿಸಿದರು. 2006ರ ಹನ್ನೆರಡರಲ್ಲಿ ಹೊಡೆದಾಟದ ಬೇರೆ ಪರದೆಯೇ ಹೋಯಿತು. 2023ರ ಹದಿನಾರರಲ್ಲಿ ಸರದಿಯೇ ಇಲ್ಲ, ಬೆರಳಿನ ಚುರುಕೇ ಎಲ್ಲ. ಅಂದರೆ ಲೆಕ್ಕ ಹಾಕುವವರ ಆಟ ಹೆಜ್ಜೆ ಹಾಕುವವರ ಆಟವಾಗಿದೆ. ಸರಣಿ ಹಾಳಾಯಿತೆಂದು ಹಳಬರು ಗೊಣಗುವುದು ಈ ಜಾಗದಲ್ಲಿ. ಹಾಳಾಗಿಲ್ಲ, ಆದರೆ ಲೆಕ್ಕ ಇಷ್ಟಪಡುವ ಮಗುವಿಗೆ ಹತ್ತನೆಯದೇ ಲೇಸು.

ಹಿರಿಯರು ಹದಿನಾರು ಆಡುವುದಾದರೆ: ಬೆರಳು ಸಾಲದವರಿಗೆ ಕಾಲ ನಿಧಾನಿಸುವ, ತಾನಾಗಿ ತಪ್ಪಿಸಿಕೊಳ್ಳುವ ಉಂಗುರಗಳನ್ನು ಆರಂಭದಲ್ಲೇ ಕೊಡುತ್ತಾರೆ. ಆಭರಣಕ್ಕಿರುವುದು 3 ಖಾನೆ, ಉಂಗುರಗಳು ಅವನ್ನೇ ತಿನ್ನುತ್ತವೆ. ಕಾಲ ನಿಧಾನಿಸುವುದೊಂದನ್ನು ಹಾಕಿ, ಉಳಿದೆರಡು ಖಾನೆ ಬಲಕ್ಕೆ ಬಿಡಿ.

ಈ ಮೇಳದ ನಿಜವಾದ ಸಾಹಸ ಹದಿನಾಲ್ಕನೆಯದು. 2010ರಲ್ಲಿ ಆನ್‌ಲೈನ್ ಆಟವಾಗಿ ಬಂದು ಮಕಾಡೆ ಬಿತ್ತು. ಸರ್ವರ್ ಮುಚ್ಚುವ ಮೊದಲು ಕಥೆಯೊಳಗೇ ಒಂದು ಉಪಗ್ರಹ ಬೀಳಿಸಿ ಆ ಲೋಕವನ್ನು ನಾಶ ಮಾಡಿದರು. 2013ರಲ್ಲಿ ಅದೇ ಅಂಕಿಯಲ್ಲಿ, ನಾಶವಾದ ಐದು ವರ್ಷದ ನಂತರದ ಲೋಕವೆಂದು ಹೊಸದಾಗಿ ತೆರೆದರು. ಸೋಲನ್ನು ಪುರಾಣ ಮಾಡಿಬಿಟ್ಟರು. ಇಂದೂ ನಡೆಯುತ್ತಿದೆ.

ಪ್ರ: ಜೆಲ್ಡಾ ಸರಣಿಯಲ್ಲಿ ಒಂದು ಭಾಗ ಕಾರ್ಟೂನ್, ಇನ್ನೊಂದು ನಿಜದಂತೆ, ಮತ್ತೊಂದು ಜಲವರ್ಣದಂತೆ. ಶೈಲಿ ಹೀಗೆ ಬದಲಾಯಿಸಿದರೆ ಗುರುತು ಉಳಿಯುವುದು ಹೇಗೆ?
— ಚಿತ್ರಕಲಾ ಶಿಕ್ಷಕರು, ಸೊರಬ

ಉ: ನಿಮ್ಮ ಸೀಮೆಯ ಹಸೆ ಚಿತ್ತಾರದ ಮನುಷ್ಯರು ನಾಲ್ಕು ಗೆರೆಯವರು. ನಿಜದಂತಿಲ್ಲವೆಂದು ಯಾರೂ ದೂರುವುದಿಲ್ಲ, ಹಳತಾಯಿತೆಂದೂ ಅನಿಸುವುದಿಲ್ಲ. 2002ರ ವಿಂಡ್ ವೇಕರ್‌ನ ಲೆಕ್ಕವೂ ಅದೇ. ಅದಕ್ಕೆ ಎರಡು ವರ್ಷ ಮೊದಲು ಆಟದ ಕಂಪನಿ ನಿಂಟೆಂಡೊ ನಾಯಕ ಲಿಂಕ್ ನಿಜದಂತೆ ಕಾಣುವ ತುಣುಕು ತೋರಿಸಿತ್ತು. 2001ರಲ್ಲಿ ದೊಡ್ಡ ಕಣ್ಣಿನ ಪುಟ್ಟ ಹುಡುಗ ಬಂದಾಗ ಜನ ರೇಗಿದರು. ತಂತ್ರ ಸರಳ: ಮೈಮೇಲಿನ ಬೆಳಕನ್ನು ಮೆಲ್ಲನೆ ಮಸುಕಾಗಿಸದೆ ಬೆಳಕು, ನೆರಳು ಎಂದು ಎರಡೇ ಪಟ್ಟೆಯಾಗಿ ಕತ್ತರಿಸುವುದು. ಬಣ್ಣ ಚಪ್ಪಟೆ ಇರುವುದರಿಂದ ಹೆಚ್ಚು ರೆಸಲ್ಯೂಷನ್‌ಗೆ ಎಳೆದರೂ ಕೆಡುವುದಿಲ್ಲ. 2006ರ ಟ್ವೈಲೈಟ್ ಪ್ರಿನ್ಸೆಸ್ ನಿಜದಂತಾಗಲು ಹೊರಟು ಬಂಡೆ, ಬಟ್ಟೆಗಳಿಗೆ ಅಂಟಿಸಿದ ಚಿತ್ರಗಳು ಇಂದು ದೊಡ್ಡ ಪರದೆಯಲ್ಲಿ ಕೆಸರಿನಂತೆ ಕಾಣುತ್ತವೆ. ನಾಲ್ಕು ವರ್ಷ ಹಿರಿಯ ಆಟವೇ ಇಂದು ಹರೆಯದ್ದು.

ಈ ಸರಣಿ ನಿಜಕ್ಕೂ ಬದಲಾದದ್ದು 2017ರ ಬ್ರೆತ್ ಆಫ್ ದಿ ವೈಲ್ಡ್‌ನಲ್ಲಿ, ಅದೂ ಬಣ್ಣದಿಂದಲ್ಲ. ಮೊದಲೆಲ್ಲ ಒಂದು ಗುಹೆ, ಅಲ್ಲೊಂದು ಸಾಧನ, ಅದರಿಂದ ಮುಂದಿನ ಗುಹೆ. ಇಲ್ಲಿ ಮುಖ್ಯ ಸಾಧನಗಳೆಲ್ಲ ಮೊದಲ ಎತ್ತರದ ಬಯಲಲ್ಲೇ ಕೈಗೆ ಬರುತ್ತವೆ, ಆಮೇಲೆ ಯಾವ ಗುಡ್ಡವನ್ನಾದರೂ ಹತ್ತಿ. ಹತ್ತುವವರಿಗೆ ಅಡ್ಡ ಬರುವುದು ಮಳೆ: ಒದ್ದೆ ಬಂಡೆಯಲ್ಲಿ ಕೆಲವು ಹಿಡಿತಕ್ಕೊಮ್ಮೆ ಜಾರುತ್ತೀರಿ. ನಾಲ್ಕು ಹಿಡಿತ ಹತ್ತಿ, ಐದನೆಯದಕ್ಕೆ ಜಾರುವ ಮೊದಲೇ ಒಂದು ನೆಗೆತ. ಹೀಗೆ ಲಯ ಹಿಡಿದರೆ ಅಲ್ಪಸ್ವಲ್ಪ ಏರಬಹುದು. ತ್ರಾಣ ಬೇಗ ಮುಗಿಯುವುದರಿಂದ ಉದ್ದದ ಬಂಡೆಗೆ ಇದು ಸಾಲದು, ಚಾಚಿದ ಬಂಡೆಯ ಅಡಿಯಲ್ಲಿ ಬೆಂಕಿ ಹಾಕಿ ಬೆಳಗಿನವರೆಗೆ ಕೂತುಬಿಡಿ. 2023ರ ಮುಂದಿನ ಭಾಗದಲ್ಲಿ ಜಾರದಂತೆ ಹಿಡಿಯುವ ಕಷಾಯ ಮತ್ತು ಕಪ್ಪೆಯುಡುಗೆ ಇವೆ.

ಪ್ರ: ಹೊಸ ಭಾಗ ನನ್ನ ಹಳೆಯ ಸರಣಿಯೇ ಹೌದೋ ಅಲ್ಲವೋ ಎಂದು ದುಡ್ಡು ಕೊಡುವ ಮೊದಲು ತಿಳಿಯುವ ದಾರಿ ಇದೆಯೆ?
— ಶಿವಮೊಗ್ಗ, ವಿನೋಬನಗರ

ಉ: ಟ್ರೈಲರ್ ನೋಡಬೇಡಿ, ಅದು ಮುಖಕ್ಕೆ ಬಣ್ಣ ಹಚ್ಚಿದ್ದು. ಯಾರಾದರೂ ಮಾತಿಲ್ಲದೆ ಆಡಿರುವ ಅರ್ಧ ಗಂಟೆಯ ವಿಡಿಯೋ ನೋಡಿ, ಅದೂ ಆರಂಭದ್ದಲ್ಲ, ನಡುವಿನದು. ಕ್ಯಾಮೆರಾ ಎಲ್ಲಿದೆ, ಆಡುವವರು ಏನನ್ನು ಉಳಿಸಲು ಒದ್ದಾಡುತ್ತಿದ್ದಾರೆ, ಸೋತರೆ ಕಳೆದುಕೊಳ್ಳುವುದೇನು ಎಂದು ಗಮನಿಸಿ. ಅವು ಹಳೆಯದರಂತಿದ್ದರೆ ವೇಷ ಎಷ್ಟು ಬೇರೆಯಾದರೂ ನಿಮಗೆ ಹಿಡಿಸುತ್ತದೆ.

ಸ್ಟೀಮ್‌ನಲ್ಲಿ ಕೊಂಡ 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆಯಿದ್ದರೆ ಹಣ ವಾಪಸು ಕೇಳಬಹುದು. ಇಲ್ಲಿ ಎರಡು ಹೊಂಡಗಳಿವೆ. ಹಲವು ಹೊಸ ಆಟಗಳು ಮೊದಲ ಸಲ ತೆರೆದಾಗ ಶೇಡರ್ (ಬೆಳಕು ನೆರಳು ಮೂಡಿಸುವ ಪುಟ್ಟ ಪ್ರೋಗ್ರಾಂ) ಸಿದ್ಧಪಡಿಸುತ್ತ ಹತ್ತಿಪ್ಪತ್ತು ನಿಮಿಷ ತಿನ್ನುತ್ತವೆ, ಅದೂ ಆಡಿದ ಲೆಕ್ಕಕ್ಕೇ ಸೇರುತ್ತದೆ. ಎರಡನೆಯದು ಹಳ್ಳಿಯ ಕಡೆಯ ಓದುಗರಿಗೆ: ದಿನಕ್ಕೆ 1.5 ಜಿಬಿಯ ಫೋನ್ ಡೇಟಾದಲ್ಲಿ 14 ದಿನಕ್ಕೆ ಇಳಿಯುವುದು 21 ಜಿಬಿ. ಫೈನಲ್ ಫ್ಯಾಂಟಸಿ ಹದಿನಾರಕ್ಕೆ ಪಿಸಿಯಲ್ಲಿ ಬೇಕಾದ ಜಾಗ 170 ಜಿಬಿ. ಆಷಾಢಕ್ಕೆ ಇಳಿಸಲು ಶುರು ಮಾಡಿದರೆ ದೀಪಾವಳಿ ಹತ್ತಿರವಾಗುತ್ತದೆ, ವಾಪಸಾತಿಯ ಗಡುವು ಎಂದೋ ದಾಟಿರುತ್ತದೆ. ಫೈಬರ್ ಇರುವ ಗೆಳೆಯರ ಮನೆಗೆ ಲ್ಯಾಪ್‌ಟಾಪ್ ಒಯ್ದು, ಅಲ್ಲಿ ಕೂತ ದಿನವೇ ಕೊಂಡು ಅಲ್ಲೇ ಇಳಿಸಿ. ಅವರ ಬಳಿ ಅದೇ ಆಟ ಮೊದಲೇ ಇಳಿದಿದ್ದರೆ ಇಂಟರ್ನೆಟ್ಟೂ ಬಹಳ ಬೇಡ. ಎರಡೂ ಕಂಪ್ಯೂಟರ್ ಒಂದೇ ವೈಫೈನಲ್ಲಿದ್ದರೆ ಸ್ಟೀಮ್ ಒಂದರಿಂದ ಇನ್ನೊಂದಕ್ಕೆ ನಕಲು ಮಾಡುತ್ತದೆ. ಇಬ್ಬರ ಸೆಟ್ಟಿಂಗ್‌ನಲ್ಲೂ ಲೋಕಲ್ ನೆಟ್‌ವರ್ಕ್ ವರ್ಗಾವಣೆಗೆ ಅನುಮತಿ ಕೊಟ್ಟಿರಬೇಕು.

ಪ್ರ: ಟೂಂಬ್ ರೈಡರ್ ಮೊದಲ ಮೂರು ಭಾಗಗಳ 2024ರ ರೀಮಾಸ್ಟರ್ ತಂದಿದ್ದೇವೆ. ಅಣ್ಣನಿಗೆ ಹಳೆಯ ಚಿತ್ರವೇ ಚೆಂದ, ನನಗೆ ಹೊಸದು. ದಿನಾ ಜಗಳ.
— ಪಿಯುಸಿ ವಿದ್ಯಾರ್ಥಿನಿ, ಶೃಂಗೇರಿ

ಉ: ಎಫ್1 ಒತ್ತಿ. ಆಡುತ್ತಿರುವಾಗಲೇ ಹೊಸ ಚಿತ್ರ ಹೋಗಿ ಹಳೆಯದು ಬರುತ್ತದೆ, ಮತ್ತೆ ಒತ್ತಿದರೆ ವಾಪಸು. ಹೊಸ ಚಿತ್ರದಲ್ಲಿ ಕೆಲವು ಗುಹೆಗಳು ತೀರಾ ಕತ್ತಲು. ಕೀಲಿ, ಸನ್ನೆಕೋಲು ಕಾಣದಿದ್ದಾಗ ಹಳೆಯದಕ್ಕೆ ಹೋಗಿ ಹುಡುಕಿ. ಕಂಟ್ರೋಲ್ ವಿಷಯದಲ್ಲಿ ಮಾತ್ರ ಅಣ್ಣನ ಪಕ್ಷ ಹಿಡಿಯುತ್ತೇವೆ. ಈ ಆಟಗಳ ನೆಲವೆಲ್ಲ ಸಮನಾದ ಚೌಕಗಳು, ನೆಗೆತಗಳನ್ನು ಚೌಕದ ಲೆಕ್ಕಕ್ಕೇ ಅಳೆದಿದ್ದಾರೆ. ಹಳೆಯ ಟ್ಯಾಂಕ್ ಕಂಟ್ರೋಲ್‌ನಲ್ಲಿ ಅಂಚಿನವರೆಗೆ ಮೆಲ್ಲನೆ ನಡೆದು ನಿಲ್ಲಿ. ನಡಿಗೆಯ ಗುಂಡಿ ಹಿಡಿದಿದ್ದರೆ ನಾಯಕಿ ಲಾರಾ ಅಂಚು ದಾಟುವುದಿಲ್ಲ. ಅಲ್ಲಿಂದ ಹಿಂದಕ್ಕೆ ಒಂದು ಕುಪ್ಪಳಿಕೆ. ಈಗ ಮುಂದಕ್ಕೆ ಓಡುತ್ತ ನೆಗೆತದ ಗುಂಡಿ ಒತ್ತಿಯೇ ಇರಿ, ಸರಿಯಾಗಿ ಅಂಚಿನಲ್ಲೇ ಹಾರುತ್ತಾಳೆ. ಎರಡು ಚೌಕದ ಕಂದಕ ಹಾಗೆಯೇ ದಾಟುತ್ತದೆ. ಮೂರು ಚೌಕವಾದರೆ ಗಾಳಿಯಲ್ಲಿರುವಾಗ ಹಿಡಿಯುವ ಗುಂಡಿಯನ್ನೂ ಒತ್ತಬೇಕು.